ಪೌಂಡಿಗೆ ಮೂರು ಪೆನ್ನಿ: ಗಣಿಯಿಂದ ಬಂದ ಬೆವನ್ ಮತ್ತು ಬ್ರಿಟನ್ನಿನ ಬಿಲ್ಲಿಲ್ಲದ ಆಸ್ಪತ್ರೆ

ಮಗನೋ ಮಗಳೋ ಇಂಗ್ಲೆಂಡಿನಲ್ಲಿರುವ ಮನೆಗಳಲ್ಲಿ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಬಗ್ಗೆ ಎರಡು ಮಾತು ಕೇಳಿಬರುತ್ತವೆ. ಒಂದು, ‘ಡಾಕ್ಟರ್ ಸಿಗೋಕೆ ಕಾದು ಕಾದು ಸಾಕಾಯ್ತು.’ ಇನ್ನೊಂದು, ‘ಹೆರಿಗೆ ಆಗಿ ಮಗು ಎತ್ತಿಕೊಂಡು ಮನೆಗೆ ಬಂದ್ರು, ಬಿಲ್ಲೇ ಬರಲಿಲ್ಲ.’ ಎರಡೂ ಒಂದೇ ವ್ಯವಸ್ಥೆಯ ಎರಡು ಮುಖ. ಆ ವ್ಯವಸ್ಥೆ ಶುರುವಾದದ್ದು 1948ರ ಜುಲೈ 5ರಂದು. ಅದನ್ನು ಕಟ್ಟಿದ ಮಂತ್ರಿ ಡಾಕ್ಟರಲ್ಲ, ವಕೀಲರೂ ಅಲ್ಲ. 13ನೇ ವಯಸ್ಸಿಗೆ ಶಾಲೆ ಬಿಟ್ಟು ಕಲ್ಲಿದ್ದಲು ಗಣಿಗೆ ಇಳಿದವರು. ಹೆಸರು ಅನೈರಿನ್ ಬೆವನ್. ಊರವರಿಗೆ ಬರೀ ‘ನೈ’.

ಮುಂದೆ ಹೋಗುವ ಮೊದಲು ಹೆಸರಿನ ಗೊಂದಲ ಒಂದನ್ನು ಬಿಡಿಸಿಬಿಡೋಣ. ಈ ಕಥೆಯಲ್ಲಿ ಮೂವರು ಬರುತ್ತಾರೆ. ಬೆವರಿಜ್ ಎಂಬುವರು 1942ರಲ್ಲಿ ಪ್ರಸಿದ್ಧ ವರದಿ ಕೊಟ್ಟವರು. ಕೊರತೆ, ರೋಗ, ಅಜ್ಞಾನ, ಕೊಳಕು, ನಿರುದ್ಯೋಗ ಎಂಬ ಐದು ರಾಕ್ಷಸರನ್ನು ಹೆಸರಿಸಿ, ಎಲ್ಲರಿಗೂ ಆರೋಗ್ಯ ಸೇವೆ ಬೇಕು ಎಂದವರು. ಬೆವಿನ್, ಅಂದರೆ ಅರ್ನೆಸ್ಟ್ ಬೆವಿನ್, ಗಾಡಿ ಹೊಡೆಯುವ ಕೆಲಸದಿಂದ ಮೇಲೆ ಬಂದು ವಿದೇಶಾಂಗ ಮಂತ್ರಿಯಾದವರು. ನಮ್ಮ ಕಥಾನಾಯಕ ಬೆವನ್. ಬೆವಿನ್ ಮತ್ತು ಬೆವನ್ ಇಬ್ಬರೂ ಕೂಲಿಕಾರರ ಮನೆಯವರು, ಇಬ್ಬರೂ ಒಂದೇ ಸಂಪುಟದಲ್ಲಿದ್ದರು, ಆದರೆ ಇಬ್ಬರಿಗೂ ಎಣ್ಣೆ ಸೀಗೇಕಾಯಿ. ‘ನೈಗೆ ಅವನೇ ದೊಡ್ಡ ಶತ್ರು’ ಎಂದು ಯಾರೋ ಅಂದಾಗ ಬೆವಿನ್, ‘ನಾನು ಬದುಕಿರುವ ತನಕ ಅದು ಹೇಗೆ ಆಗುತ್ತೆ?’ ಅಂದರಂತೆ. ಇದು ಬೇರೆ ಮಂತ್ರಿಯ ಬಗ್ಗೆ ಆಡಿದ ಮಾತು ಅಂತಲೂ ಹೇಳುತ್ತಾರೆ. ಇರಲಿ.

ಬೆವನ್ ಕಥೆಯನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಅವರ ಹುಟ್ಟೂರಿನಲ್ಲಿ ಗಣಿ ಕಾರ್ಮಿಕರೇ ನಡೆಸುತ್ತಿದ್ದ ಒಂದು ಚಿಕಿತ್ಸಾ ಸಂಘವಿತ್ತು, ಅದನ್ನೇ ಅವರು ಇಡೀ ದೇಶಕ್ಕೆ ಹರಡಿದರು. ಬೆವನ್ ಕೂಡ ಇದನ್ನೇ ಹೇಳುತ್ತಿದ್ದರು. ನನಗೆ ಇದು ಅರ್ಧ ಕಥೆ ಅನ್ನಿಸುತ್ತದೆ. ಊರಿನಿಂದ ಅವರು ಒಂದಷ್ಟನ್ನು ತಂದರು, ಹೌದು. ಆದರೆ ಆ ಸಂಘದ ಎರಡು ಮುಖ್ಯ ಕಂಬಗಳನ್ನು ಬೇಕಂತಲೇ ಅಲ್ಲೇ ಬಿಟ್ಟು ಬಂದರು. ಯಾಕೆ ಬಿಟ್ಟರು ಅನ್ನುವುದು ಗೊತ್ತಾಗಬೇಕಾದರೆ ಅವರ ಬದುಕನ್ನೇ ನೋಡಬೇಕು.

ಟ್ರೆಡೆಗರ್

ದಕ್ಷಿಣ ವೇಲ್ಸ್‌ನ ಕಣಿವೆಗಳಲ್ಲಿ ಟ್ರೆಡೆಗರ್ ಎಂಬ ಊರಿದೆ. ಕಬ್ಬಿಣ, ಕಲ್ಲಿದ್ದಲು ಬಿಟ್ಟರೆ ಅಲ್ಲಿ ಆಗ ಬೇರೇನೂ ಇರಲಿಲ್ಲ. ಗಣಿ, ಕೆಲಸ ಎಲ್ಲವೂ ಟ್ರೆಡೆಗರ್ ಐರನ್ ಅಂಡ್ ಕೋಲ್ ಕಂಪನಿಯ ಹಿಡಿತದಲ್ಲಿ. ಬೆವನ್ ಹುಟ್ಟಿದ್ದು ಅಲ್ಲಿ, 1897ರ ನವೆಂಬರ್ 15ರಂದು. ಅಪ್ಪ ಡೇವಿಡ್ ಗಣಿ ಕೆಲಸಗಾರ. ಅಮ್ಮ ಫೀಬಿ ಬಟ್ಟೆ ಹೊಲಿಯುತ್ತಿದ್ದರು. ಹತ್ತು ಮಕ್ಕಳು ಹುಟ್ಟಿದ ಮನೆ. ಎಲ್ಲರೂ ಉಳಿಯಲಿಲ್ಲ.

ಹುಡುಗ ನೈಗೆ ಉಗ್ಗು. ಶಾಲೆಯಲ್ಲಿ ಹೆಡ್‌ಮಾಸ್ಟರ್ ಕಾಟ. ಓದಿನಲ್ಲಿ ದಡ್ಡ ಅಂತಲೇ ಲೆಕ್ಕ. 1911ರಲ್ಲಿ ಟೈ ಟ್ರಿಸ್ಟ್ ಗಣಿಗೆ ಕೆಲಸಕ್ಕೆ ಸೇರಿದ. ಹಗಲು ಗಣಿ, ರಾತ್ರಿ ಓದು. ಕಾರ್ಮಿಕರೇ ತಮ್ಮ ದುಡ್ಡಿನಲ್ಲಿ ಕಟ್ಟಿಕೊಂಡ ಲೈಬ್ರರಿ ಊರಲ್ಲಿತ್ತು. ಗಣಿ ಕಣಿವೆಗಳ ಊರೂರಲ್ಲೂ ಇಂಥ ಲೈಬ್ರರಿಗಳಿದ್ದವು. ಅಲ್ಲಿ ಅವನು ಸಿಕ್ಕಿದ್ದನ್ನೆಲ್ಲ ಓದಿದ. ಉಗ್ಗಿನಿಂದ ಒಂದು ವಿಚಿತ್ರ ಲಾಭವೂ ಆಯಿತು. ನಾಲಿಗೆಗೆ ಸಿಕ್ಕಿಹಾಕಿಕೊಳ್ಳುವ ಪದ ಬಂದರೆ ತಕ್ಷಣ ಅದೇ ಅರ್ಥದ ಇನ್ನೊಂದು ಪದಕ್ಕೆ ಜಿಗಿಯಬೇಕಿತ್ತು. ಹಾಗೆ ಜಿಗಿಯುತ್ತಾ ಜಿಗಿಯುತ್ತಾ ಪದಗಳ ರಾಶಿಯೇ ಕೂಡಿತು. ಕವಿತೆಗಳನ್ನು ಗಟ್ಟಿಯಾಗಿ ಓದಿ ನಾಲಿಗೆಯನ್ನು ಪಳಗಿಸಿಕೊಂಡ. ಮುಂದೆ ಚರ್ಚಿಲ್ ಎದುರು ನಿಂತು ಮಾತಾಡಿ ಗೆಲ್ಲಬಲ್ಲವರು ಪಾರ್ಲಿಮೆಂಟಿನಲ್ಲಿ ಬೆರಳೆಣಿಕೆಯಷ್ಟು ಜನ ಇದ್ದಾಗ, ಅವರಲ್ಲಿ ಮೊದಲ ಹೆಸರು ಈ ಉಗ್ಗಿನ ಹುಡುಗನದ್ದೇ.

ಗಣಿಯಲ್ಲಿ ಮಂದ ಬೆಳಕಿನಲ್ಲಿ ಕೆಲಸ ಮಾಡಿದವರಿಗೆ ಕಣ್ಣುಗುಡ್ಡೆ ತಾನಾಗಿ ಅದುರುವ ಕಾಯಿಲೆ ಬರುತ್ತಿತ್ತು. ಬೆವನ್‌ಗೂ ಬಂತು. ಮೊದಲ ಮಹಾಯುದ್ಧದಲ್ಲಿ ಅವರನ್ನು ಸೈನ್ಯಕ್ಕೆ ಎಳೆಯಲು ಹೋದಾಗ ಈ ಕಣ್ಣೇ ಅವರನ್ನು ಬಿಡಿಸಿತು. 19ನೇ ವಯಸ್ಸಿಗೇ ಅವರು ಊರಿನ ಗಣಿ ಕಾರ್ಮಿಕರ ಸಂಘದ ಶಾಖೆಗೆ ಮುಂದಾಳು. 1919ರಲ್ಲಿ ಸಂಘವೇ ದುಡ್ಡು ಕೊಟ್ಟು ಎರಡು ವರ್ಷ ಲಂಡನ್ನಿನ ಕಾರ್ಮಿಕ ಕಾಲೇಜಿಗೆ ಕಳಿಸಿತು. ವಾಪಸ್ ಬಂದರೆ ಯಾವ ಗಣಿಯೂ ಕೆಲಸ ಕೊಡಲಿಲ್ಲ. ಗಲಾಟೆ ಮಾಡುವವನು ಅನ್ನುವ ಹೆಸರು ಅಷ್ಟು ಹೊತ್ತಿಗೆ ಕಂಪನಿಗೆ ತಲುಪಿತ್ತು. ಸುಮಾರು ಮೂರು ವರ್ಷ ನಿರುದ್ಯೋಗ. ತಂಗಿಯ ದುಡಿಮೆಯಲ್ಲಿ ಮನೆ ನಡೆಯಿತು.

1925ರಲ್ಲಿ ಅಪ್ಪ ಮಗನ ತೋಳಿನಲ್ಲೇ ಪ್ರಾಣ ಬಿಟ್ಟರು. ಶ್ವಾಸಕೋಶದಲ್ಲಿ ಕಲ್ಲಿದ್ದಲಿನ ದೂಳು ಕೂತು ಬರುವ ಕಾಯಿಲೆ. ಗಣಿಯಲ್ಲಿ ದುಡಿದೇ ಬಂದ ಕಾಯಿಲೆಯಾದರೂ ಪರಿಹಾರ ಸಿಗುವ ಕಾಯಿಲೆಗಳ ಪಟ್ಟಿಯಲ್ಲಿ ಅದು ಇರಲಿಲ್ಲ. ಹಾಗಾಗಿ ಒಂದು ಪೆನ್ನಿಯೂ ಬರಲಿಲ್ಲ.

ಆ ಸಂಘ ಹೇಗೆ ನಡೆಯುತ್ತಿತ್ತು

ಈಗ ಆ ಪ್ರಸಿದ್ಧ ಸಂಘಕ್ಕೆ ಬರೋಣ. ಹೆಸರು ಟ್ರೆಡೆಗರ್ ವರ್ಕ್‌ಮೆನ್ಸ್ ಮೆಡಿಕಲ್ ಏಡ್ ಸೊಸೈಟಿ. 1890ರಲ್ಲಿ ಶುರುವಾದದ್ದು. ನಿಯಮ ಸರಳ: ಸಂಬಳದಲ್ಲಿ ಪ್ರತಿ ಪೌಂಡಿಗೆ ಮೂರು ಪೆನ್ನಿ ಹಿಡಿದುಕೊಳ್ಳುವುದು. ಆಗಿನ ಹಳೇ ಲೆಕ್ಕದಲ್ಲಿ ಒಂದು ಪೌಂಡಿಗೆ 20 ಶಿಲಿಂಗ್, ಒಂದು ಶಿಲಿಂಗಿಗೆ 12 ಪೆನ್ನಿ. ಅಂದರೆ 240ರಲ್ಲಿ ಮೂರು. ನೂರಕ್ಕೆ ಒಂದೂಕಾಲು ಅನ್ನಿ. ಜಾಸ್ತಿ ಸಂಪಾದಿಸಿದವನು ಜಾಸ್ತಿ ಕೊಟ್ಟ, ಕಡಿಮೆ ಸಂಪಾದಿಸಿದವನು ಕಡಿಮೆ ಕೊಟ್ಟ. ಚಿಕಿತ್ಸೆ ಮಾತ್ರ ಇಬ್ಬರಿಗೂ ಒಂದೇ. ಹೆಂಡತಿ ಮಕ್ಕಳಿಗೂ ಸೇರಿ.

ಆ ದುಡ್ಡಿನಲ್ಲಿ ಸಂಘ ಐದು ಡಾಕ್ಟರು, ಒಬ್ಬ ಸರ್ಜನ್, ಇಬ್ಬರು ಔಷಧಿಯವರು, ಒಬ್ಬ ಹಲ್ಲಿನ ಡಾಕ್ಟರು, ಮನೆಮನೆಗೆ ಹೋಗುವ ಒಬ್ಬ ನರ್ಸು ಇಷ್ಟು ಜನರನ್ನು ಸಂಬಳಕ್ಕಿಟ್ಟುಕೊಂಡಿತ್ತು. ಊರಿನ 24,000 ಜನರಲ್ಲಿ ಕೊನೆಕೊನೆಗೆ 22,800 ಜನ ಇದರ ಕೆಳಗೆ ಬಂದಿದ್ದರು. ಡಾಕ್ಟರರನ್ನು ನೇಮಿಸುವುದು, ತಪ್ಪು ಮಾಡಿದರೆ ಕರೆದು ಕೇಳುವುದು ಎಲ್ಲವೂ ಗಣಿ ಕೆಲಸಗಾರರೇ ಕೂತ ಕಮಿಟಿಯ ಕೆಲಸ. ನಿರುದ್ಯೋಗಿ ಬೆವನ್ 1920ರ ದಶಕದಲ್ಲಿ ಊರಿನ ಆಸ್ಪತ್ರೆಯ ಕಮಿಟಿಯಲ್ಲಿ ಕೂತು ಇದನ್ನೆಲ್ಲ ಹತ್ತಿರದಿಂದ ಕಂಡರು.

ಹೊರಗೆ ದೇಶದಲ್ಲಿ ಏನಿತ್ತು? ಆಗಿನ ಹಣಕಾಸು ಮಂತ್ರಿ ಲಾಯ್ಡ್ ಜಾರ್ಜ್ 1911ರಲ್ಲಿ ತಂದ ವಿಮೆ ಕಾಯ್ದೆ ಇತ್ತು. ಅದು ದುಡಿಯುವವನಿಗೆ ಮಾತ್ರ. ಗಂಡ ಜ್ವರ ಬಂದು ಮಲಗಿದರೆ ಡಾಕ್ಟರ್ ಬರುತ್ತಿದ್ದರು, ಹೆಂಡತಿ ಮಲಗಿದರೆ ದುಡ್ಡು ಎಣಿಸಬೇಕಿತ್ತು. ಆಸ್ಪತ್ರೆ ಖರ್ಚು ಅದರಲ್ಲಿ ಬರುತ್ತಿರಲಿಲ್ಲ. ಹಾಗಾಗಿ ಹೆಂಗಸರು ನೋವು ನುಂಗಿಕೊಂಡು ವರ್ಷಗಟ್ಟಲೆ ಸುಮ್ನೆ ಇರುತ್ತಿದ್ದರು. 1948ರಲ್ಲಿ ಬಾಗಿಲು ತೆರೆದಾಗ ಹಳೇ ಕಾಯಿಲೆಗಳನ್ನು ಹೊತ್ತು ಮೊದಲು ಬಂದವರಲ್ಲಿ ಈ ಹೆಂಗಸರೇ ಜಾಸ್ತಿ.

ಆಸ್ಪತ್ರೆಗಳಲ್ಲೂ ಎರಡು ಜಾತಿ. ಒಂದು ದಾನಿಗಳ ದುಡ್ಡಿನಲ್ಲಿ ನಡೆಯುವಂಥವು. ಹೆಸರಾಂತ ಡಾಕ್ಟರರು ಇದ್ದದ್ದು ಇಲ್ಲಿ. ಆದರೆ ಖರ್ಚು ತೂಗಿಸಲು ಬೀದಿಯಲ್ಲಿ ಡಬ್ಬಿ ಹಿಡಿದು ಚೀಟಿ ಮಾರುವ ಪರಿಸ್ಥಿತಿ. ಇನ್ನೊಂದು ಸ್ಥಳೀಯ ಕೌನ್ಸಿಲ್‌ಗಳು ನಡೆಸುವಂಥವು. ಇವುಗಳಲ್ಲಿ ಎಷ್ಟೋ ಹಿಂದೆ ಗತಿಯಿಲ್ಲದ ಬಡವರನ್ನು ಇಟ್ಟು ದುಡಿಸುತ್ತಿದ್ದ ಮನೆಗಳಾಗಿದ್ದವು. ಶ್ರೀಮಂತ ಊರಿನ ಕೌನ್ಸಿಲ್ ಚೆನ್ನಾಗಿ ನಡೆಸುತ್ತಿತ್ತು, ಬಡ ಊರಿನದು ಹೇಗೋ ನಡೆಸುತ್ತಿತ್ತು.

ಅಧಿಕಾರದ ಬಾಲ

ಬೆವನ್ 1943ರಲ್ಲಿ ಪಾರ್ಲಿಮೆಂಟಿನಲ್ಲಿ ಹೇಳಿದ ಒಂದು ಕಥೆ ಇದೆ. ಚಿಕ್ಕವನಿದ್ದಾಗ ಅಪ್ಪ ಊರಿನ ಒಬ್ಬ ಕೌನ್ಸಿಲರ್‌ನನ್ನು ತೋರಿಸಿ ಇವರು ದೊಡ್ಡ ಮನುಷ್ಯ, ಕೌನ್ಸಿಲ್‌ನಲ್ಲಿ ಅಧಿಕಾರ ಇದೆ ಅಂದರಂತೆ. ಬೆವನ್ ಕಷ್ಟಪಟ್ಟು ಊರಿನ ಕೌನ್ಸಿಲ್ ಸೇರಿದರು, 1922ರಲ್ಲಿ. ನೋಡಿದರೆ ಅಧಿಕಾರ ಅಲ್ಲಿ ಹಿಂದೆ ಇತ್ತಂತೆ, ಈಗ ಜಿಲ್ಲೆಯ ಕೌಂಟಿ ಕೌನ್ಸಿಲ್‌ಗೆ ಹೋಗಿದೆಯಂತೆ. 1928ರಲ್ಲಿ ಅಲ್ಲಿಗೂ ಹೋದರು. ಅಲ್ಲೂ ಅದೇ ಕಥೆ. ಅಧಿಕಾರ ಇತ್ತು, ಹೋಯಿತು. ಮೂಲೆ ತಿರುಗುವಾಗ ಅದರ ಕೋಟಿನ ಬಾಲ ಮಾತ್ರ ಕಂಡಿತಂತೆ.

ಕೇಳಲು ತಮಾಷೆಯಾಗಿದೆ, ಅಲ್ವಾ? ಹಿಂದಿನ ಅನುಭವ ಮಾತ್ರ ತಮಾಷೆಯದ್ದಲ್ಲ. 1926ರಲ್ಲಿ ಬ್ರಿಟನ್ನಿನಲ್ಲಿ ಸಾರ್ವತ್ರಿಕ ಮುಷ್ಕರ ನಡೆಯಿತು. ಉಳಿದ ಸಂಘಗಳು ಒಂಬತ್ತು ದಿನಕ್ಕೆ ಕೈಬಿಟ್ಟವು. ಗಣಿ ಕಾರ್ಮಿಕರು ಮಾತ್ರ ಚಳಿಗಾಲದವರೆಗೆ ಹಸಿದುಕೊಂಡೇ ನಿಂತು, ಕೊನೆಗೆ ಸೋತು, ಕಡಿಮೆ ಕೂಲಿಗೆ ಕೆಳಗಿಳಿದರು. ಬೆವನ್ ಆಗ ಊರಿನಲ್ಲಿ ಊಟದ ವ್ಯವಸ್ಥೆ, ಪರಿಹಾರ ಹಂಚಿಕೆ ನೋಡಿಕೊಳ್ಳುತ್ತಿದ್ದರು. ಗಣಿಯಲ್ಲಿ ಕೂತು ಒತ್ತಡ ಹಾಕಿದರೆ ಸಾಲದು, ಪಾರ್ಲಿಮೆಂಟಿಗೇ ಹೋಗಬೇಕು ಎಂದು ಅವರಿಗೆ ಗಟ್ಟಿಯಾದದ್ದು ಆಗಲೇ. 1929ರಲ್ಲಿ ಎಬ್ಬು ವೇಲ್ ಕ್ಷೇತ್ರದಿಂದ ಗೆದ್ದರು. ಸಾಯುವ ತನಕ, 31 ವರ್ಷ, ಆ ಕ್ಷೇತ್ರ ಬಿಡಲಿಲ್ಲ.

ಇನ್ನೊಂದು ಕಹಿ 1931ರಲ್ಲಿ ಬಂತು. ನಿರುದ್ಯೋಗ ಭತ್ಯೆ ಬೇಕಿದ್ದರೆ ಮನೆಯ ಒಟ್ಟು ಆದಾಯ ತೋರಿಸಬೇಕು ಎಂಬ ನಿಯಮ ಬಂತು. ಅಧಿಕಾರಿ ಮನೆಗೆ ಬಂದು ಯಾರು ಎಷ್ಟು ದುಡಿಯುತ್ತಾರೆ, ಮಾರಬಹುದಾದ ಸಾಮಾನು ಏನಿದೆ ಅಂತ ನೋಡುತ್ತಿದ್ದ. ಮಗಳಿಗೆ ಕೆಲಸ ಸಿಕ್ಕರೆ ಅಪ್ಪನ ಭತ್ಯೆ ಕಡಿತ. ತಂಗಿಯ ದುಡಿಮೆಯಲ್ಲಿ ದಿನ ದೂಡಿದ ಬೆವನ್‌ಗೆ ಇದರ ಅವಮಾನ ಯಾರೂ ಹೇಳಿಕೊಡಬೇಕಿರಲಿಲ್ಲ. ‘ನಿನ್ನ ಹತ್ತಿರ ಎಷ್ಟಿದೆ, ತೋರಿಸು’ ಎನ್ನುವ ಪ್ರಶ್ನೆಯನ್ನು ಅವರು ಜೀವನಪೂರ್ತಿ ದ್ವೇಷಿಸಿದರು. ಆಸ್ಪತ್ರೆ ಯೋಜನೆ ಬರೆಯುವಾಗ ಈ ಪ್ರಶ್ನೆಗೆ ಅದರಲ್ಲಿ ಜಾಗವೇ ಇರಕೂಡದು ಎಂದು ಹಟ ಹಿಡಿದರು.

1934ರಲ್ಲಿ ಅವರು ಜೆನ್ನಿ ಲೀ ಅವರನ್ನು ಮದುವೆಯಾದರು. ಜೆನ್ನಿ ಸ್ಕಾಟ್ಲೆಂಡಿನ ಗಣಿ ಕೆಲಸಗಾರನ ಮಗಳು. 24ನೇ ವಯಸ್ಸಿಗೆ ಪಾರ್ಲಿಮೆಂಟಿಗೆ ಆರಿಸಿಬಂದಾಗ ಆಕೆಗೆ ಇನ್ನೂ ಸ್ವಂತ ಮತ ಹಾಕುವ ಅವಕಾಶವೇ ಸಿಕ್ಕಿರಲಿಲ್ಲ. ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯ ಮುಂದೆ ಆಕೆಯ ಕೈಯಲ್ಲೇ ರೂಪುಗೊಂಡಿತು. ಅದರದ್ದೇ ಒಂದು ಲೇಖನ ಬರೆಯಬಹುದು.

ಯುದ್ಧದ ವರ್ಷಗಳಲ್ಲಿ ಎಲ್ಲ ಪಕ್ಷಗಳೂ ಚರ್ಚಿಲ್ ಹಿಂದೆ ನಿಂತಿದ್ದಾಗ ಬೆವನ್ ಎದ್ದು ನಿಂತು ಟೀಕಿಸುತ್ತಿದ್ದರು. 1942ರಲ್ಲಿ, ಪ್ರಧಾನಿ ಚರ್ಚೆ ಮೇಲೆ ಚರ್ಚೆ ಗೆಲ್ಲುತ್ತಾರೆ, ಯುದ್ಧ ಮೇಲೆ ಯುದ್ಧ ಸೋಲುತ್ತಾರೆ ಎಂದು ಕುಟುಕಿದರು. ಚರ್ಚಿಲ್ ಇವರನ್ನು ಕೊಳಕು ಪೀಡೆ ಎಂದು ಕರೆದರು. ಸ್ವಂತ ಪಕ್ಷಕ್ಕೂ ಇವರು ತಲೆನೋವೇ. 1939ರಲ್ಲಿ ಲೇಬರ್ ಪಕ್ಷ ಇವರನ್ನು ಹೊರಗೇ ಹಾಕಿತ್ತು. ಜೊತೆಗೆ ಹೊರಬಿದ್ದವರು ಸ್ಟ್ಯಾಫರ್ಡ್ ಕ್ರಿಪ್ಸ್. 1942ರಲ್ಲಿ ಭಾರತಕ್ಕೆ ಆಯೋಗ ಹೊತ್ತು ಬಂದ ಅದೇ ಕ್ರಿಪ್ಸ್. ಕೆಲವು ತಿಂಗಳಲ್ಲಿ ಬೆವನ್ ವಾಪಸ್ ಬಂದರು.

ಇಂಥವರನ್ನು 1945ರಲ್ಲಿ ಗೆದ್ದ ಲೇಬರ್ ಪಕ್ಷದ ಪ್ರಧಾನಿ ಆಟ್ಲಿ ಆರೋಗ್ಯ ಮಂತ್ರಿ ಮಾಡಿದ್ದು ಎಲ್ಲರಿಗೂ ಆಶ್ಚರ್ಯ. ಮೊದಲು ಯಾವ ಖಾತೆಯನ್ನೂ ನೋಡಿದವರಲ್ಲ. 47 ವರ್ಷ, ಸಂಪುಟದಲ್ಲೇ ಚಿಕ್ಕವರು. ವಸತಿ ಖಾತೆಯೂ ಅವರ ತಲೆಗೇ ಬಂತು.

ಬಿಟ್ಟು ಬಂದ ಎರಡು ಕಂಬಗಳು

ಟ್ರೆಡೆಗರ್ ಸಂಘದ ಮೊದಲ ಕಂಬ ವಂತಿಗೆ. ಕೊಟ್ಟವನಿಗೆ ಚಿಕಿತ್ಸೆ. ಬೆವನ್ ಅದನ್ನು ಕಿತ್ತು ಹಾಕಿದರು. ಎನ್‌ಎಚ್‌ಎಸ್‌ಗೆ ಬಹುಪಾಲು ದುಡ್ಡು ಬರುವುದು ಸಾಮಾನ್ಯ ತೆರಿಗೆಯಿಂದ. ಸಂಬಳದಲ್ಲಿ ಹಿಡಿಯುವ ರಾಷ್ಟ್ರೀಯ ವಿಮೆಯ ಹಣ ಅದರಲ್ಲಿ ಸಣ್ಣ ಪಾಲು. ಇಂದಿಗೂ ಎಷ್ಟೋ ಬ್ರಿಟಿಷರೇ ‘ನಾವು ವಿಮೆ ಕಟ್ಟಿದ್ದೇವೆ, ಅದಕ್ಕೇ ಉಚಿತ’ ಅಂದುಕೊಂಡಿರುತ್ತಾರೆ. ಹಾಗಲ್ಲ. ಒಂದು ಕಂತನ್ನೂ ಕಟ್ಟದವರಿಗೂ ಅದೇ ಹಾಸಿಗೆ, ಅದೇ ಆಪರೇಷನ್.

ಯಾಕೆ ಹೀಗೆ? ವಂತಿಗೆ ಇದ್ದರೆ ಲೆಕ್ಕ ಇರಬೇಕು. ಲೆಕ್ಕ ಇದ್ದರೆ ಬಾಕಿ ಉಳಿಸಿಕೊಂಡವನು ಒಬ್ಬ ಇದ್ದೇ ಇರುತ್ತಾನೆ. ಕಂತು ಪೂರ್ತಿ ಕಟ್ಟಿಲ್ಲ ಅಂತ ರೋಗಿಗೆ ಎರಡನೇ ದರ್ಜೆಯ ಆಪರೇಷನ್ ಮಾಡಲಾಗುತ್ತದೆಯೇ ಎಂಬುದು ಬೆವನ್ ಅವರ ವಾದ. ಟ್ರೆಡೆಗರ್‌ನಲ್ಲಿ ಗಣಿ ನಡೆಯುತ್ತಿದ್ದ ತನಕ ಮೂರು ಪೆನ್ನಿ ಬರುತ್ತಿತ್ತು. ಗಣಿ ಮುಚ್ಚಿದರೆ ಸಂಬಳವಿಲ್ಲ, ಸಂಬಳವಿಲ್ಲದಿದ್ದರೆ ವಂತಿಗೆಯಿಲ್ಲ. ಆದರೆ ಕಾಯಿಲೆ ಬರುವುದು ಅಂಥ ಹೊತ್ತಿನಲ್ಲೇ ಜಾಸ್ತಿ. 1929ರಲ್ಲಿ ಎಬ್ಬು ವೇಲ್‌ನ ಉಕ್ಕಿನ ಕಾರ್ಖಾನೆ ಮುಚ್ಚಿ ಊರೇ ಬರಿದಾದದ್ದನ್ನು ಕಂಡವರು ಅವರು. ಒಂದು ಊರಿನ ದುಡ್ಡಿನಲ್ಲಿ ಆ ಊರಿನ ಕಷ್ಟ ತೀರುವುದಿಲ್ಲ, ಇಡೀ ದೇಶದ ಬೊಕ್ಕಸವೇ ಹೆಗಲು ಕೊಡಬೇಕು ಎಂಬುದು ಅವರಿಗೆ ಯಾವ ವರದಿಯನ್ನೂ ಓದದೆ ಗೊತ್ತಿತ್ತು.

ಎರಡನೇ ಕಂಬ ಸ್ಥಳೀಯ ಹಿಡಿತ. ಟ್ರೆಡೆಗರ್‌ನಲ್ಲಿ ಕಮಿಟಿಯೇ ಮಾಲೀಕ. ಬೆವನ್ ಮಾತ್ರ ದೇಶದ ಆಸ್ಪತ್ರೆಗಳನ್ನೆಲ್ಲ ಕೇಂದ್ರ ಸರ್ಕಾರದ ಕೈಗೆ ತೆಗೆದುಕೊಂಡರು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದಾನಿಗಳ 1,143 ಆಸ್ಪತ್ರೆ, ಕೌನ್ಸಿಲ್‌ಗಳ 1,545 ಆಸ್ಪತ್ರೆ. ಎರಡೂ ಸೇರಿ 2,688. (ಸ್ಕಾಟ್ಲೆಂಡಿಗೆ ಬೇರೆ ಕಾಯ್ದೆ ಬಂತು.) ಇದಕ್ಕೆ ಸಂಪುಟದಲ್ಲೇ ದೊಡ್ಡ ವಿರೋಧ. ಹರ್ಬರ್ಟ್ ಮಾರಿಸನ್ ಲಂಡನ್ ಕೌಂಟಿ ಕೌನ್ಸಿಲ್ ಕಟ್ಟಿ ಬೆಳೆಸಿದವರು. ಕೌನ್ಸಿಲ್‌ಗಳಿಂದ ಆಸ್ಪತ್ರೆ ಕಿತ್ತುಕೊಂಡರೆ ಸ್ಥಳೀಯ ಆಡಳಿತದ ಬುಡವೇ ಅಲುಗಾಡುತ್ತದೆ ಎಂದು ಅವರು ವಾದಿಸಿದರು. ಆಟ್ಲಿ ಬೆವನ್ ಪರ ನಿಂತರು.

ನನ್ನ ಲೆಕ್ಕದಲ್ಲಿ ಮಾರಿಸನ್ ವಾದ ತೀರಾ ತಳ್ಳಿಹಾಕುವಂಥದ್ದಲ್ಲ. ಆದರೆ ಲಂಡನ್ನಿನಲ್ಲಿ ಕೂತು ನೋಡಿದ ಕೌನ್ಸಿಲ್ ಬೇರೆ, ಕಣಿವೆಯಲ್ಲಿ ಕೂತು ನೋಡಿದ ಕೌನ್ಸಿಲ್ ಬೇರೆ. ಮಾರಿಸನ್ ಕಂಡದ್ದು ದುಡ್ಡಿದ್ದ ಕೌನ್ಸಿಲ್. ಬೆವನ್ ಕೂತದ್ದು ಅಧಿಕಾರದ ಬಾಲ ಮಾತ್ರ ಕಾಣುತ್ತಿದ್ದ ಕೌನ್ಸಿಲ್‌ನಲ್ಲಿ. 1946ರ ಏಪ್ರಿಲ್ 30ರಂದು ಮಸೂದೆ ಮಂಡಿಸುವಾಗ ಅವರು ಕೊಟ್ಟ ಅಂಕಿಗಳನ್ನೇ ನೋಡಿ. ಯುದ್ಧಕ್ಕೆ ಮುಂಚೆ ಹಡಗು ಕಟ್ಟುವ ಸೌತ್ ಶೀಲ್ಡ್ಸ್‌ನಲ್ಲಿ 4,100 ಜನಕ್ಕೆ ಒಬ್ಬ ಡಾಕ್ಟರು. ಕಡಲ ತೀರದ ಹೇಸ್ಟಿಂಗ್ಸ್‌ನಲ್ಲಿ 1,200ಕ್ಕೂ ಕಡಿಮೆ ಜನಕ್ಕೆ ಒಬ್ಬರು. ಹೆಚ್ಚು ಡಾಕ್ಟರಿರುವ ಕಡೆ ಹೊಸಬರು ಬೋರ್ಡು ಹಾಕದಂತೆ ತಡೆಯಬೇಕಿದ್ದರೆ ಇಡೀ ದೇಶವನ್ನು ನೋಡುವ ಕಣ್ಣು ಬೇಕಿತ್ತು.

ಹಾಗಂತ ಎಲ್ಲವೂ ಒಂದೇ ಚೀಲಕ್ಕೆ ಬೀಳಲಿಲ್ಲ. ಆಸ್ಪತ್ರೆಗಳು ಪ್ರಾದೇಶಿಕ ಮಂಡಳಿಗಳ ಕೈಗೆ ಹೋದವು. ವೈದ್ಯ ಶಿಕ್ಷಣದ ದೊಡ್ಡ ಆಸ್ಪತ್ರೆಗಳು ನೇರವಾಗಿ ಮಂತ್ರಿಗೆ ಉತ್ತರ ಕೊಡುತ್ತಿದ್ದವು. ಮನೆ ಡಾಕ್ಟರು, ಹಲ್ಲು, ಕನ್ನಡಕ ಇವಕ್ಕೆ ಇನ್ನೊಂದು ಸಮಿತಿ. ಸೂಲಗಿತ್ತಿಯರು, ಲಸಿಕೆ, ಆಂಬುಲೆನ್ಸ್ ಕೌನ್ಸಿಲ್‌ಗಳಲ್ಲೇ ಉಳಿದವು. ಈ ಮೂರು ತುಂಡುಗಳ ನಡುವಿನ ಸಂದಿಯಲ್ಲಿ ರೋಗಿಗಳು ಸಿಕ್ಕಿಹಾಕಿಕೊಳ್ಳುತ್ತಾರೆ ಎಂಬ ದೂರು ಮೊದಲಿನಿಂದಲೂ ಇತ್ತು.

ಹಾಗಾದರೆ ಟ್ರೆಡೆಗರ್‌ನಿಂದ ತಂದದ್ದೇನು? ಮನೆಮಂದಿಗೆಲ್ಲ ಚಿಕಿತ್ಸೆ, ಕಾಯಿಲೆ ಬಿದ್ದ ಹೊತ್ತಿನಲ್ಲಿ ಜೇಬಿಗೆ ಕೈಹಾಕದಿರುವುದು, ಹಲ್ಲಿನಿಂದ ಹೆರಿಗೆಯವರೆಗೆ ಎಲ್ಲವೂ ಒಂದೇ ಸೂರಿನಡಿ. ಮತ್ತೆ ಒಂದು ಧೈರ್ಯ. ಇದು ಕನಸು ಅಂತ ಬೇರೆಯವರು ಅನ್ನುತ್ತಿದ್ದಾಗ, ಅದು 24,000 ಜನರ ಊರಿನಲ್ಲಿ ನಡೆದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ಡಾಕ್ಟರರ ಜೊತೆ ಜಟಾಪಟಿ

ಕಾಯ್ದೆ 1946ರ ನವೆಂಬರ್ 6ರಂದು ಪಾಸಾಯಿತು. ಆದರೆ ಡಾಕ್ಟರೇ ಬರದಿದ್ದರೆ ಆಸ್ಪತ್ರೆ ಕಟ್ಟಿ ಏನು ಪ್ರಯೋಜನ? ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ತಿರುಗಿಬಿತ್ತು. 1948ರ ಫೆಬ್ರವರಿಯಲ್ಲಿ, ಇನ್ನು ಐದು ತಿಂಗಳು ಬಾಕಿ ಇರುವಾಗ, ಡಾಕ್ಟರರು ಮತ ಹಾಕಿದರು. ಹತ್ತರಲ್ಲಿ ಒಂಬತ್ತು ಜನ ವಿರುದ್ಧ.

ಅವರ ಸಿಟ್ಟು ಅರ್ಥವಾಗಬೇಕಾದರೆ ಆಗಿನ ಪದ್ಧತಿ ಗೊತ್ತಿರಬೇಕು. ಮನೆ ಡಾಕ್ಟರ್ ಆಗಬೇಕಿದ್ದರೆ ಯಾರೋ ಹಳೇ ಡಾಕ್ಟರರಿಂದ ಪ್ರಾಕ್ಟೀಸನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಅಂಗಡಿ ಕೊಂಡಂತೆ. ಗಿರಾಕಿಗಳ ಸಮೇತ. ಅದಕ್ಕೆ ಸಾಲ ಮಾಡಬೇಕಿತ್ತು, ವಯಸ್ಸಾದಾಗ ಮಾರಿ ಆ ದುಡ್ಡಿನಲ್ಲಿ ಬದುಕಬೇಕಿತ್ತು. ಬೆವನ್ ಈ ಮಾರಾಟವನ್ನೇ ನಿಲ್ಲಿಸಿದರು. ಬದಲಿಗೆ 6.6 ಕೋಟಿ ಪೌಂಡ್ ಪರಿಹಾರ ಇಟ್ಟರು. ಆದರೂ ಡಾಕ್ಟರರಿಗೆ ಭಯ: ಇವತ್ತು ಅಂಗಡಿ ಹೋಯಿತು, ನಾಳೆ ನಾವು ಸಂಬಳದ ಗುಮಾಸ್ತರಾಗುತ್ತೇವೆ.

ಬೆವನ್ ಗಣಿ ಸಂಘದ ಪಂಚಾಯಿತಿಗಳಲ್ಲಿ ಪಳಗಿದವರು. ಎದುರಿನ ಪಾಳಯದಲ್ಲಿ ಬಿರುಕು ಎಲ್ಲಿದೆ ಅಂತ ಹುಡುಕಿದರು. ಸಿಕ್ಕಿತು. ದೊಡ್ಡ ಆಸ್ಪತ್ರೆಗಳ ತಜ್ಞರು ಮತ್ತು ಬೀದಿಯ ಮನೆ ಡಾಕ್ಟರರ ಹಿತ ಒಂದೇ ಅಲ್ಲ. ತಜ್ಞರು ದಾನಿಗಳ ಆಸ್ಪತ್ರೆಯಲ್ಲಿ ಸಂಬಳವಿಲ್ಲದೆ ಕೆಲಸ ಮಾಡಿ, ಖಾಸಗಿ ರೋಗಿಗಳಿಂದ ಹೊಟ್ಟೆ ಹೊರೆಯುತ್ತಿದ್ದರು. ಅವರಿಗೆ ಬೆವನ್ ಒಳ್ಳೆ ಸಂಬಳ ಕೊಟ್ಟರು, ಖಾಸಗಿ ರೋಗಿಗಳನ್ನು ನೋಡಲೂ ಬಿಟ್ಟರು, ಸರ್ಕಾರಿ ಆಸ್ಪತ್ರೆಯಲ್ಲೇ ಅವರಿಗಾಗಿ ದುಡ್ಡಿನ ಹಾಸಿಗೆಗಳನ್ನೂ ಇಟ್ಟರು. ಚರ್ಚಿಲ್ ಅವರ ಸ್ವಂತ ಡಾಕ್ಟರ್ ಲಾರ್ಡ್ ಮೊರಾನ್ ಈ ಸಂಧಾನದಲ್ಲಿ ಬೆವನ್‌ಗೆ ನೆರವಾದವರು. ಆಮೇಲೆ ಒಂದು ಊಟದ ಹೊತ್ತಿನಲ್ಲಿ, ತಜ್ಞರನ್ನು ಹೇಗೆ ಒಲಿಸಿದಿರಿ ಅಂತ ಕೇಳಿದಾಗ ಬೆವನ್, ‘ಅವರ ಬಾಯಿಗೆ ಚಿನ್ನ ತುರುಕಿದೆ’ ಅಂದರೆಂದು ಹೇಳುತ್ತಾರೆ.

ಮನೆ ಡಾಕ್ಟರರಿಗೆ ಸಂಬಳದ ಬದಲು ತಲೆಗಿಷ್ಟು ಎಂಬ ಲೆಕ್ಕ ಉಳಿಯಿತು. ಹೆಸರು ನೋಂದಾಯಿಸಿದ ಪ್ರತಿ ರೋಗಿಗೂ ವರ್ಷಕ್ಕೆ ಇಷ್ಟು ದುಡ್ಡು. ಅವರನ್ನು ಪೂರ್ತಿ ಸಂಬಳದ ನೌಕರರನ್ನಾಗಿ ಮಾಡುವುದಿಲ್ಲ ಎಂದು ಕಾಯ್ದೆ ತಿದ್ದಿಯೇ ಮಾತು ಕೊಟ್ಟರು. ಮೇ ತಿಂಗಳ ಎರಡನೇ ಮತದಾನದಲ್ಲಿ ವಿರೋಧ ಕುಸಿಯಿತು. ಇವತ್ತಿಗೂ ಬ್ರಿಟನ್ನಿನ ಎಷ್ಟೋ ಮನೆ ಡಾಕ್ಟರರು ಎನ್‌ಎಚ್‌ಎಸ್‌ನ ನೌಕರರಲ್ಲ, ಅದರ ಗುತ್ತಿಗೆದಾರರು. ಆ ವಿಚಿತ್ರದ ಬೇರು ಇಲ್ಲಿದೆ. ಎಡಪಂಥದ ಕೆಲವರು ಇದನ್ನು ಸೋಲು ಅನ್ನುತ್ತಾರೆ. ನನಗೆ ಇದು ಮುಷ್ಕರದಲ್ಲಿ ಸೋತು ಕಲಿತವನ ಲೆಕ್ಕಾಚಾರ ಅನ್ನಿಸುತ್ತದೆ.

ಜುಲೈ 5 ಬಂತು. ಬೆವನ್ ಅಂದು ಮ್ಯಾಂಚೆಸ್ಟರ್ ಹತ್ತಿರದ ಪಾರ್ಕ್ ಆಸ್ಪತ್ರೆಗೆ ಹೋಗಿ ಮೊದಲ ರೋಗಿಯನ್ನು ಮಾತಾಡಿಸಿದರು. 13 ವರ್ಷದ ಹುಡುಗಿ. ತಾವು ಗಣಿಗೆ ಇಳಿದ ವಯಸ್ಸೇ. ವೇಲ್ಸ್‌ನ ಅಮ್ಮನ್ ಕಣಿವೆಯಲ್ಲಿ ಮಧ್ಯರಾತ್ರಿ ಕಳೆದು ಒಂದು ನಿಮಿಷಕ್ಕೆ ಹುಟ್ಟಿದ ಹೆಣ್ಣು ಮಗುವಿಗೆ ಬೆವನ್ ಅವರ ಹೆಸರನ್ನೇ ಹೆಣ್ಣಾಗಿಸಿ ಇಟ್ಟರು.

ಅದರ ಹಿಂದಿನ ದಿನವೇ ಅವರು ಒಂದು ಎಡವಟ್ಟು ಮಾಡಿಕೊಂಡಿದ್ದರು. ಸಭೆಯಲ್ಲಿ ತಮ್ಮ ನಿರುದ್ಯೋಗದ ದಿನಗಳನ್ನು ನೆನೆಯುತ್ತಾ, ಟೋರಿ ಪಕ್ಷದವರು (ಚರ್ಚಿಲ್ ಅವರ ಕನ್ಸರ್ವೇಟಿವ್ ಪಕ್ಷದವರು) ನನ್ನ ಪಾಲಿಗೆ ಹುಳಹುಪ್ಪಟೆಗಿಂತ ಕಡೆ ಅಂದುಬಿಟ್ಟರು. ಸ್ವಂತ ಪಕ್ಷದವರಿಗೇ ತಲೆ ಚಚ್ಚಿಕೊಳ್ಳುವಂತಾಯಿತು. ಟೋರಿಗಳು ಅದೇ ಹೆಸರಿನ ಕ್ಲಬ್ ಕಟ್ಟಿಕೊಂಡು ಬ್ಯಾಡ್ಜ್ ಹಾಕಿಕೊಂಡು ತಿರುಗಿದರು. 1951ರಲ್ಲಿ ಲಂಡನ್ನಿನ ಶ್ರೀಮಂತರ ಕ್ಲಬ್ಬಿಗೆ ಅತಿಥಿಯಾಗಿ ಹೋದಾಗ ಒಬ್ಬ ಸದಸ್ಯ ಇವರಿಗೆ ಒದ್ದೇ ಬಿಟ್ಟ! ಒದ್ದವನು ಕ್ಲಬ್ ಬಿಡಬೇಕಾಯಿತು. ಹಾಗಂತ ಬೆವನ್ ಸನ್ಯಾಸಿಯೇನಲ್ಲ. ಒಳ್ಳೆ ಊಟ, ಒಳ್ಳೆ ವೈನ್ ಅಂದರೆ ಇಷ್ಟ. ಕಾರ್ಮಿಕನ ಮಗ ಷಾಂಪೇನ್ ಕುಡಿಯುತ್ತಾನೆ ಅಂತ ಆಡಿಕೊಂಡವರಿಗೆ ಕೊರತೆಯಿರಲಿಲ್ಲ.

ವಸತಿ ವಿಷಯದಲ್ಲೂ ಇದೇ ಗುಣ ಕಾಣುತ್ತದೆ. ಬಾಂಬು ಬಿದ್ದು ಲಕ್ಷಾಂತರ ಜನ ಮನೆ ಕಳೆದುಕೊಂಡಿದ್ದರು. ಬೇಗ ಬೇಗ ಸಣ್ಣ ಮನೆ ಕಟ್ಟಿ ಸಂಖ್ಯೆ ತೋರಿಸಿ ಎಂಬ ಒತ್ತಡವಿತ್ತು. ಬೆವನ್ ಒಪ್ಪಲಿಲ್ಲ. ಮೂರು ಮಲಗುವ ಕೋಣೆಯ ಮನೆ 900 ಚದರ ಅಡಿಯಾದರೂ ಇರಲಿ, ಮೇಲೊಂದು ಕೆಳಗೊಂದು ಶೌಚಾಲಯ ಇರಲಿ ಎಂದರು. ಮನೆಗಳು ನಿಧಾನವಾಗಿ ಎದ್ದವು, ಬೈಗುಳ ಬೇಗ ಬಂತು.

ಕನ್ನಡಕ ಮತ್ತು ಹಲ್ಲಿನ ಸೆಟ್

ಎನ್‌ಎಚ್‌ಎಸ್ ಶುರುವಾದ ಮೇಲೆ ಜನ ಕನ್ನಡಕಕ್ಕೆ, ಹಲ್ಲಿನ ಸೆಟ್‌ಗೆ ಮುಗಿಬಿದ್ದರು. ಅಲ್ಲಿಯವರೆಗೆ ಅಂಗಡಿಯ ಟ್ರೇಯಲ್ಲಿಟ್ಟ ಕನ್ನಡಕಗಳನ್ನು ಒಂದೊಂದಾಗಿ ಹಾಕಿ ನೋಡಿ, ಕಂಡದ್ದನ್ನು ಕೊಳ್ಳುತ್ತಿದ್ದವರು ಅವರು. ಅಂದಾಜಿಗಿಂತ ಖರ್ಚು ಎಲ್ಲೋ ಹೋಯಿತು. ಕಾಯಿಲೆ ವಾಸಿಯಾಗುತ್ತಾ ಖರ್ಚು ಇಳಿಯುತ್ತದೆ ಎಂದು ಮೊದಲು ಹಲವರು ನಂಬಿದ್ದರು. ಇಳಿಯಲಿಲ್ಲ. ಔಷಧಿ ಚೀಟಿಗೆ ಶುಲ್ಕ ಹಾಕುವ ಅಧಿಕಾರ 1949ರಲ್ಲಿ ಸರ್ಕಾರಕ್ಕೆ ಸಿಕ್ಕಿತು. ಆಗ ಮಂತ್ರಿ ಬೆವನ್ ಅವರೇ. ಅವರು ಅದನ್ನು ಬಳಸದಂತೆ ನೋಡಿಕೊಂಡರು. ಈ ಭಾಗವನ್ನು ಅವರ ಅಭಿಮಾನಿಗಳು ಸಾಮಾನ್ಯವಾಗಿ ಹೇಳುವುದಿಲ್ಲ.

1951ರಲ್ಲಿ ಕೊರಿಯಾ ಯುದ್ಧ. ಶಸ್ತ್ರಾಸ್ತ್ರಕ್ಕೆ ಭಾರಿ ದುಡ್ಡು ಬೇಕಿತ್ತು. ಹಣಕಾಸು ಮಂತ್ರಿ ಗೇಟ್ಸ್ಕೆಲ್ ಕನ್ನಡಕ ಮತ್ತು ಹಲ್ಲಿನ ಸೆಟ್‌ನ ಅರ್ಧ ಬೆಲೆಯನ್ನು ರೋಗಿಯೇ ಕೊಡಬೇಕು ಎಂದರು. ಪೂರ್ತಿ ವರ್ಷಕ್ಕೆ ಉಳಿತಾಯ 2.3 ಕೋಟಿ ಪೌಂಡ್. ಶಸ್ತ್ರಾಸ್ತ್ರದ ಯೋಜನೆ 470 ಕೋಟಿ ಪೌಂಡಿನದ್ದು. ಸಮುದ್ರಕ್ಕೆ ಒಂದು ಬಿಂದಿಗೆ ನೀರು. ಅಷ್ಟಕ್ಕಾಗಿ ತತ್ವ ಮುರಿಯುವುದೇ ಎಂದು ಬೆವನ್ ಏಪ್ರಿಲ್‌ನಲ್ಲಿ ರಾಜೀನಾಮೆ ಕೊಟ್ಟರು. ಜೊತೆಗೆ ಹೊರಬಂದವರಲ್ಲಿ ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಒಬ್ಬರು. ಆರು ತಿಂಗಳಲ್ಲಿ ಲೇಬರ್ ಚುನಾವಣೆ ಸೋತಿತು. ಹೊಸ ಸರ್ಕಾರ 1952ರಲ್ಲಿ ಔಷಧಿ ಚೀಟಿಗೆ ಒಂದು ಶಿಲಿಂಗ್ ಹಾಕಿತು.

ಆಮೇಲಿನದ್ದು ಪಕ್ಷದೊಳಗಿನ ಜಗಳದ ಕಥೆ. 1955ರಲ್ಲಿ ನಾಯಕತ್ವದ ಚುನಾವಣೆಯಲ್ಲಿ ಗೇಟ್ಸ್ಕೆಲ್‌ಗೆ 157 ಮತ, ಬೆವನ್‌ಗೆ 70. ಅಣು ಬಾಂಬ್ ಬೇಡ ಎನ್ನುತ್ತಿದ್ದ ತಮ್ಮದೇ ಬೆಂಬಲಿಗರನ್ನು 1957ರಲ್ಲಿ ಎದುರು ಹಾಕಿಕೊಂಡರು. ನೆಹರೂ ಅವರ ಜೊತೆ ಒಳ್ಳೆ ಸ್ನೇಹವಿತ್ತು, ಭಾರತಕ್ಕೂ ಬಂದಿದ್ದರು. 1960ರ ಜುಲೈ 6ರಂದು ಹೊಟ್ಟೆಯ ಕ್ಯಾನ್ಸರ್‌ನಿಂದ ತೀರಿಕೊಂಡರು. 62 ವರ್ಷ. ಎನ್‌ಎಚ್‌ಎಸ್‌ಗೆ ಹನ್ನೆರಡು ತುಂಬಿ ಒಂದು ದಿನವಾಗಿತ್ತು.

ನಮಗೆ ಈ ಕಥೆಯಲ್ಲಿ ಒಂದು ನೇರ ನಂಟು ಇದೆ. ಬ್ರಿಟಿಷ್ ಡಾಕ್ಟರರು ಹೋಗಲು ಹಿಂದೇಟು ಹಾಕಿದ ಗಣಿ ಊರುಗಳಿಗೆ 1960ರ ನಂತರ ಹೋಗಿ ಕೂತವರಲ್ಲಿ ಭಾರತದ ಡಾಕ್ಟರರು ಬಹಳ. ಕರ್ನಾಟಕದಲ್ಲಿ ಎಂಬಿಬಿಎಸ್ ಓದಿ ಎನ್‌ಎಚ್‌ಎಸ್ ಸೇರಿದವರೂ ಅನೇಕ. ದಕ್ಷಿಣ ವೇಲ್ಸ್‌ನ ಕಣಿವೆಗಳಲ್ಲಿ ಗಣಿ ದೂಳು ಕುಡಿದ ಮುದುಕರ ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿದ ಮನೆ ಡಾಕ್ಟರರಲ್ಲಿ ದಕ್ಷಿಣ ಏಷ್ಯಾದವರ ಪಾಲು ದೊಡ್ಡದು.

ಟ್ರೆಡೆಗರ್ ಆಸ್ಪತ್ರೆಯಲ್ಲಿ ಒಂದು ಬೆಡ್‌ಪ್ಯಾನ್ ಬಿದ್ದರೆ ಅದರ ಸದ್ದು ಲಂಡನ್ನಿನ ಪಾರ್ಲಿಮೆಂಟಿರುವ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೇಳಬೇಕು ಎನ್ನುವ ಮಾತು ಬೆವನ್ ಹೆಸರಿನಲ್ಲಿ ಓಡಾಡುತ್ತದೆ. 1999ರಿಂದ ವೇಲ್ಸ್‌ನ ಆರೋಗ್ಯ ವ್ಯವಸ್ಥೆ ಅಲ್ಲಿನ ರಾಜಧಾನಿ ಕಾರ್ಡಿಫ್‌ನ ಕೈಯಲ್ಲಿದೆ. ಅಧಿಕಾರ ಮತ್ತೆ ಮೂಲೆ ತಿರುಗಿದೆ, ಈ ಸಲ ಊರಿನ ಕಡೆಗೆ. ಟ್ರೆಡೆಗರ್ ಸುತ್ತಿನ ಆಸ್ಪತ್ರೆಗಳನ್ನು ನೋಡಿಕೊಳ್ಳುವ ಮಂಡಳಿಗೆ ಅನೈರಿನ್ ಬೆವನ್ ಅವರದ್ದೇ ಹೆಸರು. 2007ರ ಏಪ್ರಿಲ್‌ನಿಂದ ವೇಲ್ಸ್‌ನಲ್ಲಿ ಔಷಧಿ ಚೀಟಿಗೆ ದುಡ್ಡಿಲ್ಲ. ಸೆವೆರ್ನ್ ಸೇತುವೆ ದಾಟಿ ಇಂಗ್ಲೆಂಡಿಗೆ ಬಂದರೆ, 2024ರ ದರದಂತೆ, ಒಂದೊಂದು ಔಷಧಿಗೂ 9.90 ಪೌಂಡ್ ಎಣಿಸಬೇಕು.